ಮನೆಯಲ್ಲೇ ಮಾಡಿದ ತೂತಿನ ಬೆಂಚು: ಕೊಯ್ತ ಮೂಲೆಮಟ್ಟಕ್ಕೆ ಬರದಿದ್ದರೆ ತಪ್ಪು ಹುಡುಕುವ ಬಗೆ

ತೂತಿನ ಬೆಂಚಿನ ಲೆಕ್ಕ ಸರಳ. 20 ಮಿ.ಮೀ. ವ್ಯಾಸದ ತೂತುಗಳು, ಉದ್ದಕ್ಕೂ ಅಡ್ಡಕ್ಕೂ ನಡುವಿನಿಂದ ನಡುವಿಗೆ 96 ಮಿ.ಮೀ. ಫೆಸ್ಟೂಲ್ ಎಂಬ ಉಪಕರಣ ಕಂಪನಿಯ ಎಂಎಫ್‌ಟಿ ಮೇಜಿನ ಮೂಲಕ ಹೆಚ್ಚು ಬಳಕೆಗೆ ಬಂದ ಅಳತೆ ಇದು. ಕಪಾಟು ಕೆಲಸದ 32 ಮಿ.ಮೀ. ಪದ್ಧತಿಯ ಸರಿಯಾಗಿ ಮೂರು ಪಟ್ಟು. 1150 × 750 ಮಿ.ಮೀ. ಎಂಡಿಎಫ್ (ಮರದ ನಾರನ್ನು ರಾಳ ಬೆರೆಸಿ ಒತ್ತಿ ಮಾಡಿದ) ಹಲಗೆಯಲ್ಲಿ 11 × 7, ಅಂದರೆ 77 ತೂತು ಹಿಡಿಯುತ್ತವೆ. ತುದಿಯ ತೂತಿನ ನಡುವಿನಿಂದ ಅಂಚಿಗೆ ಉದ್ದದಲ್ಲಿ 95, ಅಗಲದಲ್ಲಿ 87 ಮಿ.ಮೀ. ಉಳಿಯುತ್ತದೆ. ಒಂದು ಸಾಲಿನಲ್ಲಿ ಎರಡು ಗೂಟ (ಬೆಂಚ್ ಡಾಗ್ ಎನ್ನುತ್ತಾರಲ್ಲ, ಅದೇ) ಇಳಿಸಿ ಅವಕ್ಕೆ ಗೈಡ್ ರೈಲು ಆನಿಸುವುದು, ಅಡ್ಡ ಸಾಲಿನ ಎರಡು ಡಾಗ್‌ಗೆ ಕೊಯ್ಯುವ ತುಂಡು ಆನಿಸುವುದು, ಟ್ರ್ಯಾಕ್ ಸಾ (ಆ ರೈಲಿನ ಮೇಲೆ ಜಾರುವ ಗರಗಸ) ಓಡಿಸುವುದು. ಮೂಲೆ 90 ಡಿಗ್ರಿ ಬರಬೇಕು.

ಬರದೆ ಹೋದಾಗ ಎಲ್ಲರೂ ಮೊದಲು ಬೈಯುವುದು ತೂತುಗಳನ್ನೇ. ಆದರೆ ತಪ್ಪು ಐದು ಕಡೆ ಅಡಗಿರಬಹುದು: ರೈಲು, ಗರಗಸ, ಕೊಯ್ಯುವ ತುಂಡು, ಡಾಗ್, ಹಲಗೆ. ಮೊದಲ ನಾಲ್ಕನ್ನು ಪರೀಕ್ಷಿಸಲು ಅರ್ಧ ಗಂಟೆ ಸಾಕು. 77 ತೂತು ಮತ್ತೆ ಕೊರೆಯಲು ಇಡೀ ದಿನ ಬೇಕು, ಹೊಸ ಹಲಗೆಯೂ ಬೇಕು. ಹಾಗಾಗಿ ಹಲಗೆಯ ಸರದಿ ಕೊನೆಗೆ.

ಹಲಗೆ ಮುಟ್ಟುವ ಮೊದಲು

ರೈಲು ನೇರವಾಗಿದೆಯೇ ನೋಡಿ. ಅದರ ಅಂಚಿಗೆ ಆನಿಸಿ ಚೂಪಾದ ಚಾಕುವಿನಿಂದ ಒಂದು ಮೀಟರ್ ಉದ್ದದ ಗೆರೆ ಎಳೆಯಿರಿ. ರೈಲನ್ನು ತುದಿ ಬದಲಿಸಿ ತಿರುಗಿಸಿ, ಅದೇ ಅಂಚನ್ನು ಗೆರೆಯ ಆಚೆ ಬದಿಯಿಂದ ತಂದು ಎರಡೂ ತುದಿ ಕೂಡಿಸಿ. ನಡುವೆ ಸಂದು ಕಂಡರೆ, ಅಥವಾ ಗೆರೆ ಅಂಚಿನಡಿ ಮರೆಯಾದರೆ, ಆ ವ್ಯತ್ಯಾಸದ ಅರ್ಧದಷ್ಟು ರೈಲು ಬಾಗಿದೆ. ಎರಡು ತುಂಡು ರೈಲು ಜೋಡಿಸಿ ಬಳಸುವವರಲ್ಲಿ ತಪ್ಪು ಬಹುಪಾಲು ಆ ಜೋಡಣೆಯಲ್ಲೇ ಸಿಗುತ್ತದೆ.

ಗರಗಸವನ್ನು ರೈಲಿನ ಮೇಲೆ ಇಟ್ಟು ಅಡ್ಡಕ್ಕೆ ಅಲುಗಾಡಿಸಿ. ಕಟಕಟ ಎಂದರೆ ತಳದ ಹೊಂದಾಣಿಕೆ ತಿರುಪು ಬಿಗಿ ಮಾಡಿ. ಅಡ್ಡಕ್ಕೆ ಅಲುಗಬಾರದು, ಉದ್ದಕ್ಕೆ ತಡೆಯಿಲ್ಲದೆ ಜಾರಬೇಕು.

ಕೊಯ್ಯುವ ತುಂಡಿನ ಆನಿಕೆಯ ಅಂಚು ನೇರವಿರದಿದ್ದರೆ ಡಾಗ್‌ಗಳು ಅದನ್ನು ಹೇಳಿಕೊಡುವುದಿಲ್ಲ. ಎರಡೇ ಬಿಂದುವಿಗೆ ತಾಗುವುದರಿಂದ ಬಾಗಿದ ಅಂಚೂ ಗಟ್ಟಿಯಾಗಿ ಕೂತಂತೆ ಕಾಣುತ್ತದೆ. ತುಂಡನ್ನು 50 ಮಿ.ಮೀ. ಪಕ್ಕಕ್ಕೆ ಸರಿಸಿ ಮತ್ತೆ ಕೊಯ್ದಾಗ ಕೋನ ಬೇರೆ ಬಂದರೆ ಅಂಚೇ ಕಳ್ಳ. ಕೊಯ್ಯುವ ಮೊದಲು ತುಂಡಿನ ಬದಿಗೆ ಸೀಸದ ಕಡ್ಡಿಯಿಂದ ಬೆಂಚಿನ ಮೇಲೆ ಗೆರೆ ಹಾಕಿ. ಕೊಯ್ದ ಮೇಲೆ ತುಂಡು ಗೆರೆ ಬಿಟ್ಟಿದ್ದರೆ ಅದು ಜಾರಿದೆ, ಕ್ಲಾಂಪ್ ಬೇಕು. ಡಾಗ್‌ಗೂ ಅಂಚಿಗೂ ನಡುವೆ ಸಿಕ್ಕಿಕೊಂಡ ಹೊಟ್ಟಿನ ಚೂರೂ ಇದೇ ಕೆಲಸ ಮಾಡುತ್ತದೆ, ಪ್ರತಿ ಸಲ ಬ್ರಷ್ ಆಡಿಸಿ.

ಐದು ಕೊಯ್ತದ ಪರೀಕ್ಷೆ

ಸಣ್ಣ ಮೂಲೆಮಟ್ಟ ಹಿಡಿದು ಬೆಳಕಿಗೆ ನೋಡಿದರೆ ತಿಳಿಯುವುದು ಕಡಿಮೆ. ಸುಮಾರು 500 × 500 ಮಿ.ಮೀ. ಎಂಡಿಎಫ್ ತುಂಡು ತೆಗೆದುಕೊಂಡು ನಾಲ್ಕು ಬದಿಗೆ 1, 2, 3, 4 ಎಂದು ಬರೆಯಿರಿ. ಒಂದನೇ ಬದಿಯಿಂದ 5 ಮಿ.ಮೀ. ಕೊಯ್ಯಿರಿ. ಆ ಹೊಸ ಅಂಚನ್ನು ಡಾಗ್‌ಗೆ ಆನಿಸಿ ಮುಂದಿನ ಬದಿ ಕೊಯ್ಯಿರಿ. ತುಂಡನ್ನು ಪ್ರತಿ ಸಲ ಒಂದೇ ದಿಕ್ಕಿಗೆ ತಿರುಗಿಸುತ್ತಾ ನಾಲ್ಕೂ ಬದಿ ಮುಗಿಸಿ, ಐದನೆಯದಾಗಿ ಮತ್ತೆ ಒಂದನೇ ಬದಿಯಿಂದ ಸುಮಾರು 25 ಮಿ.ಮೀ. ಅಗಲದ ಪಟ್ಟಿ ತೆಗೆಯಿರಿ. ಪಟ್ಟಿ ಕಳಚುವ ಮೊದಲೇ ಡಾಗ್ ಕಡೆಯ ತುದಿಗೆ ಗುರುತು ಹಾಕಿ. ಆಮೇಲೆ ಯಾವ ತುದಿ ಯಾವುದೆಂದು ನೆನಪಿರುವುದಿಲ್ಲ.

ಪಟ್ಟಿಯ ಎರಡೂ ತುದಿಯ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಒಂದು ತುದಿ 25.62, ಇನ್ನೊಂದು 25.22 ಬಂತೆನ್ನಿ. ವ್ಯತ್ಯಾಸ 0.40. ನಾಲ್ಕು ಮೂಲೆಯ ತಪ್ಪು ಒಂದರ ಮೇಲೊಂದು ಕೂಡಿ ಇಲ್ಲಿ ಕಾಣುವುದರಿಂದ ನಾಲ್ಕರಿಂದ ಭಾಗಿಸಿ: 500 ಮಿ.ಮೀ. ಉದ್ದಕ್ಕೆ 0.10 ಮಿ.ಮೀ. ಕಪಾಟಿನ ಕೆಲಸಕ್ಕೆ ಇಷ್ಟು ಸಾಕು, ಇದಕ್ಕಿಂತ ಮುಂದೆ ಬೆನ್ನಟ್ಟುವುದು ಬೆಂಚಿನ ಕೆಲಸವಲ್ಲ, ಗೀಳು. 0.25ಕ್ಕಿಂತ ಹೆಚ್ಚಾದರೆ ಮುಂದೆ ಓದಿ.

ಒಂದು ಸಲ ಮಾಡಿ ತೀರ್ಮಾನಕ್ಕೆ ಬರಬೇಡಿ. ಡಾಗ್, ರೈಲು ಎಲ್ಲ ಕಿತ್ತು, ಮತ್ತೆ ಹೂಡಿ, ಮೂರು ಸಲ ಮಾಡಿ. ಪತ್ತೆಯ ದಾರಿ ಇಲ್ಲಿ ಎರಡಾಗಿ ಒಡೆಯುತ್ತದೆ. ಮೂರೂ ಸಲ ಹತ್ತಿರ ಹತ್ತಿರ ಅದೇ ತಪ್ಪು, ಅದೇ ದಿಕ್ಕಿಗೆ ಬಂದರೆ ತೂತುಗಳ ಜಾಗ ತಪ್ಪಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಸರಿ ಎಂದು ಓಲಾಡಿದರೆ ಜಾಗ ಸರಿಯಾಗಿಯೇ ಇರಬಹುದು, ಎಲ್ಲೋ ಸಡಿಲವಿದೆ.

ಫಲಿತಾಂಶ ಓಲಾಡಿದರೆ: ಸಡಿಲ

ಮೊದಲು ಸಡಿಲವೇ ಕಾರಣವೆಂದು ಖಾತ್ರಿ ಮಾಡಿಕೊಳ್ಳಿ. ತೆಳು ಪಾರದರ್ಶಕ ಅಂಟುಪಟ್ಟಿ ಸುಮಾರು 0.05 ಮಿ.ಮೀ. ದಪ್ಪ ಇರುತ್ತದೆ, ಡಾಗ್‌ನ ಕಾಂಡಕ್ಕೆ ಒಂದು ಸುತ್ತು ಸುತ್ತಿದರೆ ವ್ಯಾಸ 0.1 ಮಿ.ಮೀ. ಹೆಚ್ಚುತ್ತದೆ. ಡಾಗ್ ಬಿಗಿಯಾಗಿ ಕೂರುವವರೆಗೆ ಸುತ್ತಿ ಮತ್ತೆ ಪರೀಕ್ಷೆ ಮಾಡಿ. ಓಲಾಟ ನಿಂತರೆ ರೋಗ ಸಿಕ್ಕಿತು, ಎಷ್ಟು ಸುತ್ತು ಬೇಕಾಯಿತು ಎಂಬುದೇ ಸಡಿಲದ ಅಳತೆ.

ಇದು ಎಷ್ಟು ಕೆಡಿಸುತ್ತದೆ? ಡಾಗ್ 19.95, ತೂತು 20.20 ಎಂದರೆ ಆಟ 0.25 ಮಿ.ಮೀ. ಎರಡು ಡಾಗ್ ಮೂರು ತೂತಿನ ಅಂತರದಲ್ಲಿ, ಅಂದರೆ 288 ಮಿ.ಮೀ. ದೂರದಲ್ಲಿದ್ದರೆ 600 ಮಿ.ಮೀ. ಕೊಯ್ತದ ಕೊನೆಗೆ 0.52 ಮಿ.ಮೀ. ವರೆಗೆ ತಪ್ಪಬಹುದು. ಅವನ್ನೇ ಏಳು ತೂತಿನ ಅಂತರಕ್ಕೆ, 672 ಮಿ.ಮೀ.ಗೆ ಸರಿಸಿದರೆ 0.22ಕ್ಕೆ ಇಳಿಯುತ್ತದೆ. ರೈಲಿನ ಜೋಡಿಯಲ್ಲೂ ತುಂಡಿನ ಜೋಡಿಯಲ್ಲೂ ಸಡಿಲವಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಹಾಗಾಗಿ ಖರ್ಚಿಲ್ಲದ ಮೊದಲ ಮದ್ದು: ಡಾಗ್‌ಗಳನ್ನು ಆದಷ್ಟು ದೂರ ನೆಡಿ, ಪ್ರತಿ ಸಲ ಎಲ್ಲವನ್ನೂ ಒಂದೇ ಕಡೆಗೆ ಒತ್ತಿ ಕೂರಿಸಿ. ಅರ್ಧಕ್ಕರ್ಧ ದೂರು ಇಷ್ಟಕ್ಕೇ ಮುಗಿಯುತ್ತದೆ.

ಡಾಗ್ ಯಾವ ಅಳತೆಯದೆಂದೂ ನೋಡಿ. ಮುಕ್ಕಾಲು ಇಂಚಿನ ಡಾಗ್ ಅಂದರೆ 19.05 ಮಿ.ಮೀ.; 20ರ ತೂತಿನಲ್ಲಿ ಅದು ಸುಮಾರು ಒಂದು ಮಿ.ಮೀ. ಆಡುತ್ತದೆ. ಕಣ್ಣಿಗೆ ಎರಡೂ ಒಂದೇ ಥರ.

ತೂತನ್ನು ಕ್ಯಾಲಿಪರ್‌ನ ಒಳಬಾಯಿಂದ ಅಳೆದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಬಾಯಿಯ ತುದಿ ಚಪ್ಪಟೆಯಾಗಿರುವುದರಿಂದ ತೂತಿನ ಅತಿ ಅಗಲದ ಜಾಗಕ್ಕೆ ಅದು ತಲುಪುವುದಿಲ್ಲ. ಲೇತ್‌ನಲ್ಲಿ 20.00 ಮತ್ತು 20.10ರ ಎರಡು ಲೋಹದ ಗುಂಡುಕಡ್ಡಿ ಮಾಡಿಸಿಕೊಳ್ಳಿ. ಮೊದಲನೆಯದು ಹೋಗಬೇಕು, ಎರಡನೆಯದು ಹೋಗಬಾರದು. ಎರಡೂ ಬದಿಯಿಂದ ಹಾಕಿ ನೋಡಿ: ಮೇಲಿನಿಂದ 20.10 ಅರ್ಧ ಇಳಿದು ನಿಂತರೆ ತೂತು ಕೊಳವೆಯಾಗಿಲ್ಲ, ಆಲಿಕೆಯಾಗಿದೆ. ಕೈ ಡ್ರಿಲ್ಲಿಗೆ ಫಾರ್ಸ್ನರ್ ಬಿಟ್ (ನಡುಮೊನೆಯಿರುವ, ಅಗಲ ತೂತಿನ ಬಿಟ್) ಹಾಕಿ ಕೊರೆದಾಗ, ಅಥವಾ ರೂಟರ್ (ವೇಗವಾಗಿ ತಿರುಗುವ ಬಿಟ್‌ನಿಂದ ಮರ ಕೊರೆಯುವ ಕೈಯಂತ್ರ) ಅನ್ನು ಬಿಟ್ ತಿರುಗುತ್ತಿರುವಾಗಲೇ ಓರೆಯಾಗಿ ಮೇಲೆತ್ತಿದಾಗ ಹೀಗಾಗುತ್ತದೆ.

ರೂಟರ್‌ನಲ್ಲಿ ಕೊರೆದ ತೂತಿನ ತಳದ ನಡುವೆ ಕಪ್ಪಾಗಿ ಸುಟ್ಟ ಗುರುತು ಬರುತ್ತಿತ್ತೇ? ಆ ಬಿಟ್‌ನ ತಳಕ್ಕೆ ಅಡ್ಡ ಅಲಗಿಲ್ಲ, ಅದು ಬದಿ ಕೊಯ್ಯಲು ಮಾತ್ರ ಮಾಡಿದ್ದು. ನೇರ ಕೆಳಗೆ ಒತ್ತಿದಾಗ ಅದು ಕೊಯ್ಯದೆ ಉಜ್ಜುತ್ತದೆ, ಒತ್ತಡಕ್ಕೆ ಯಂತ್ರ ಪಕ್ಕಕ್ಕೆ ಜಾರಿ ತೂತು ದೊಡ್ಡದಾಗುತ್ತದೆ. ತಳದಲ್ಲೂ ಅಲಗಿರುವ ಕಾರ್ಬೈಡ್ ಬಿಟ್ ಬೇಕು. ಮೊಂಡಾದ ಬಿಟ್ಟಿಗೂ ಇದೇ ಲಕ್ಷಣ. ಎಂಡಿಎಫ್‌ನ ರಾಳಕ್ಕೆ ಮಾಮೂಲಿ ಹೈಸ್ಪೀಡ್ ಸ್ಟೀಲ್ ಅಲಗು ಬೇಗ ಮೊಂಡಾಗುತ್ತದೆ, ಹಾಗಾಗಿ ಮೊದಲ ಸಾಲು ಚೆನ್ನಾಗಿದ್ದು ಕೊನೆಯ ಸಾಲು ಕೆಟ್ಟಿರುವ ಹಲಗೆ ಅಪರೂಪವಲ್ಲ.

0.1ರಿಂದ 0.2 ಮಿ.ಮೀ. ಸಡಿಲವಾದ ತೂತಿಗೆ ನೀರಿನಂಥ ತೆಳು ಸೂಪರ್ ಗ್ಲೂ ಸಾಕು. ತೂತಿನ ಗೋಡೆಗೆ ಸುತ್ತಲೂ ಹನಿಸಿ, ಹೀರಿಕೊಳ್ಳಲು ಬಿಡಿ, ಒಣಗಿದ ಮೇಲೆ ಮತ್ತೊಂದು ಸುತ್ತು. ಗೋಡೆ ಗಟ್ಟಿಯಾಗಿ ತುಸು ಒಳಗೆ ಬರುತ್ತದೆ. ಆಮೇಲೆ ಗುಂಡುಕೋಲಿಗೆ 240ರ ಸ್ಯಾಂಡ್‌ಪೇಪರ್ ಸುತ್ತಿ ಡಾಗ್ ಒಪ್ಪುವವರೆಗೆ ಉಜ್ಜಿ. ಹೊಗೆ ಕಣ್ಣಿಗೆ ಉರಿ, ಕಿಟಕಿ ತೆರೆದಿಡಿ. ಇದಕ್ಕಿಂತ ಸಡಿಲವಾದರೆ ಬಿರಡೆ ಹಾಕಬೇಕು, ಅದು ಕೊನೆಯಲ್ಲಿದೆ.

ತಪ್ಪು ಪ್ರತಿ ಸಲ ಒಂದೇ ಆದರೆ: ತೂತಿನ ಜಾಗ

ಇಲ್ಲಿ ಟೇಪ್ ಕೈಗೆ ತೆಗೆದುಕೊಳ್ಳಬೇಡಿ. ಎರಡನೇ ದರ್ಜೆಯ ಟೇಪ್‌ಗೆ ಒಂದು ಮೀಟರಿನಲ್ಲಿ 0.5 ಮಿ.ಮೀ. ಹೆಚ್ಚುಕಡಿಮೆಗೆ ಮಾನದಂಡದಲ್ಲೇ ಅವಕಾಶವಿದೆ. ನಾವು ಹುಡುಕುತ್ತಿರುವುದು ಅದಕ್ಕಿಂತ ಚಿಕ್ಕದು. ಅಳೆಯುವ ಬದಲು ಹೋಲಿಸಿ. ಎರಡು ಮರದ ಪಟ್ಟಿಯನ್ನು ಒಂದರ ಮೇಲೊಂದು ಜಾರುವಂತೆ ಇಟ್ಟು, ಹೊರ ತುದಿಗಳಲ್ಲಿ ಒಂದೊಂದು ಕೊಕ್ಕೆ ಅಂಟಿಸಿ, ನಡುವೆ ಸಣ್ಣ ಕ್ಲಾಂಪ್ ಹಾಕಿ. ಡಾಗ್ ಜೋಡಿಯ ಹೊರಮೈಗೆ ತಾಗಿಸಿ ಬಿಗಿ ಮಾಡಿದರೆ ಆ ದೂರ ಕೋಲಿನಲ್ಲಿ ನಿಂತಿರುತ್ತದೆ. ಡಾಗ್‌ಗಳಿಗೆ ಅಂಟುಪಟ್ಟಿ ಸುತ್ತಿ ಬಿಗಿ ಮಾಡಿಕೊಂಡೇ ಇದನ್ನು ಮಾಡಿ, ಇಲ್ಲದಿದ್ದರೆ ಸಡಿಲವನ್ನೇ ಅಳೆದಂತಾಗುತ್ತದೆ.

96ರ ಜಾಲದಲ್ಲಿ ಒಂದು ಸೊಗಸಿದೆ. 6 ಅಂತರ 576, 8 ಅಂತರ 768, ಇವುಗಳ ಕರ್ಣ ಸರಿಯಾಗಿ 960, ಅಂದರೆ 10 ಅಂತರ. 11 ತೂತಿನ ಉದ್ದ ಸಾಲಿನ ಪೂರ್ತಿ ಉದ್ದವೂ ಅಷ್ಟೇ. ಹಾಗಾಗಿ ಒಂದೇ ಕೋಲು ಮೂರು ಕಡೆ ಹೊಂದಬೇಕು: ಉದ್ದ ಸಾಲಿನ ಎರಡು ತುದಿ, 8 × 6 ಆಯತದ ಒಂದು ಕರ್ಣ, ಅದೇ ಆಯತದ ಇನ್ನೊಂದು ಕರ್ಣ.

ಮೊದಲು ಎರಡು ಕರ್ಣಗಳನ್ನು ಹೋಲಿಸಿ. ಎರಡೂ ಸಮವಿದ್ದರೆ ಸಾಲುಗಳು ಒಂದಕ್ಕೊಂದು ಲಂಬವಾಗಿವೆ, ಅಲ್ಲಿಗೆ ನಿಲ್ಲಿಸಿ, ತಪ್ಪು ಜಾಲದಲ್ಲಿಲ್ಲ. ಸಮವಿಲ್ಲದಿದ್ದರೆ ವ್ಯತ್ಯಾಸವನ್ನು ಫೀಲರ್ ಗೇಜ್‌ನಿಂದ (ಸಂದಿಗೆ ತೂರಿಸುವ ತೆಳು ಅಳತೆಪಟ್ಟಿಗಳು) ಅಳೆದು 1.6ರಿಂದ ಭಾಗಿಸಿ, 576 ಮಿ.ಮೀ. ಅಗಲಕ್ಕೆ ಜಾಲ ಎಷ್ಟು ವಾಲಿದೆ ಎಂದು ಸಿಗುತ್ತದೆ. ಕರ್ಣಗಳಲ್ಲಿ 0.48 ವ್ಯತ್ಯಾಸವಿದ್ದರೆ ವಾಲಿಕೆ 0.3 ಮಿ.ಮೀ., 600 ಮಿ.ಮೀ. ಕೊಯ್ತಕ್ಕೆ ಸುಮಾರು 0.31. ಐದು ಕೊಯ್ತದ ಪರೀಕ್ಷೆ ಹೇಳಿದ ಅಂಕಿಯೂ ಇದೂ ಹೊಂದಬೇಕು. ಹೊಂದದಿದ್ದರೆ ಮೊದಲ ಭಾಗದಲ್ಲಿ ಯಾವುದನ್ನೋ ಹಾರಿಸಿದ್ದೀರಿ.

ಕರ್ಣಗಳು ಸಮವಿದ್ದು ಉದ್ದ ಸಾಲು ಮಾತ್ರ ಬೇರೆಯಾದರೆ, ಉದ್ದದ ಅಂತರವೂ ಅಗಲದ ಅಂತರವೂ ಒಂದೇ ಇಲ್ಲ ಎಂದರ್ಥ. 90 ಡಿಗ್ರಿಗೆ ಇದರಿಂದ ಬಾಧೆಯಿಲ್ಲ. ಓರೆ ತೂತುಗಳಿಂದ 45 ಡಿಗ್ರಿ ಕೊಯ್ಯುವವರಿಗೆ ಮಾತ್ರ ತಾಗುತ್ತದೆ: ಒಂದು ಕಡೆ 96.0, ಇನ್ನೊಂದು ಕಡೆ 95.8 ಇದ್ದರೆ 44.94 ಡಿಗ್ರಿ ಸಿಗುತ್ತದೆ. ಎರಡೂ ಕಡೆ 95.8 ಇದ್ದರೆ ಕೋನಕ್ಕೆ ಏನೂ ಆಗುವುದಿಲ್ಲ. ಅಂತರ ಸರಿಯಾಗಿ 96 ಬಂದಿಲ್ಲವೆಂದು ಹಲಗೆ ಎಸೆದವರು ಸುಮ್ಮನೆ ಎಸೆದರು.

ಜಾಲ ಯಾಕೆ ವಾಲುತ್ತದೆ? ಕೊರೆದ ವಿಧಾನ ನೆನಪಿಸಿಕೊಂಡರೆ ಉತ್ತರ ಅಲ್ಲೇ ಇರುತ್ತದೆ.

ಸಣ್ಣ ಟೆಂಪ್ಲೇಟನ್ನು ಹಿಂದಿನ ತೂತಿಗೆ ಗೂಟ ಹಾಕಿ ಹೆಜ್ಜೆ ಹೆಜ್ಜೆಯಾಗಿ ಸರಿಸಿದ್ದರೆ, ಒಂದು ಹೆಜ್ಜೆಯ 0.1 ಮಿ.ಮೀ. ತಪ್ಪು ಹತ್ತನೇ ಹೆಜ್ಜೆಗೆ 1 ಮಿ.ಮೀ. ಆಗಿರುತ್ತದೆ. ಲಕ್ಷಣ: ಒಂದು ಮೂಲೆಯಲ್ಲಿ ಎಲ್ಲ ಸರಿ, ದೂರ ಹೋದಂತೆ ಕೆಡುತ್ತದೆ.

ರೂಟರ್‌ನ ಗೈಡ್ ಬುಷ್ (ಬಿಟ್ ಸುತ್ತ ಕೂತು ಟೆಂಪ್ಲೇಟಿನ ಅಂಚಿಗೆ ಆನುವ ಬಳೆ) ಬಿಟ್‌ಗೆ ಸರಿಯಾಗಿ ನಡುವೆ ಕೂತಿರದಿದ್ದರೆ ತೂತುಗಳು ಅಲ್ಲೊಂದು ಇಲ್ಲೊಂದು ಸಾಲು ಬಿಡುತ್ತವೆ. ರೂಟರ್‌ನ ಹಿಡಿ ಒಮ್ಮೆ ನಿಮ್ಮ ಕಡೆ, ಒಮ್ಮೆ ಆಚೆ ಕಡೆ ತಿರುಗಿದ್ದರೆ 0.2ರ ನಡುತಪ್ಪು 0.4 ಆಗಿ ಕಾಣುತ್ತದೆ. ಹಿಡಿಯನ್ನು 77 ತೂತಿಗೂ ಒಂದೇ ದಿಕ್ಕಿಗೆ ಇಟ್ಟಿದ್ದರೆ ಇಡೀ ಜಾಲ ಒಟ್ಟಾಗಿ 0.2 ಸರಿಯುತ್ತಿತ್ತು ಅಷ್ಟೇ, ಕೋನಕ್ಕೆ ಏನೂ ಆಗುತ್ತಿರಲಿಲ್ಲ. ಬುಷ್ ಕೂರಿಸುವಾಗ ಶಂಕುವಿನಾಕಾರದ ನಡುಗಡ್ಡಿ ಬಳಸಿ, ಹಿಡಿಗೊಂದು ದಿಕ್ಕಿನ ಗುರುತೂ ಹಾಕಿ.

ಕಾಗದದ ನಕ್ಷೆ ಮುದ್ರಿಸಿ ಅಂಟಿಸಿದ್ದರೆ, ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆ 97 ಶೇಕಡಕ್ಕೆ ಇಳಿಸಿರಬಹುದು. 96 ಆಗ 93.1. ನೀರಿನ ಅಂಟು ಹಚ್ಚಿದರೆ ಕಾಗದ ಹಿಗ್ಗುತ್ತದೆ, ಅದೂ ಎರಡು ದಿಕ್ಕಿಗೆ ಬೇರೆ ಬೇರೆ ಪ್ರಮಾಣದಲ್ಲಿ. ಕಾಗದ ತೂತಿನ ಎಣಿಕೆ ತೋರಿಸಲು ಸರಿ, ಜಾಗ ತೋರಿಸಲು ಅಲ್ಲ.

ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ) ಕೊರೆಸಿದ ಹಲಗೆ ತಪ್ಪಲಾರದು ಎಂಬ ನಂಬಿಕೆಯೂ ಬೇಡ. ಅಂತರ ಎರಡೂ ಕಡೆ 96ಕ್ಕೆ ಹೊಂದಿ ಕರ್ಣಗಳು ಮಾತ್ರ ಬೇರೆಯಾದರೆ ಯಂತ್ರದ ಅಡ್ಡ ತೊಲೆಯೇ ಓರೆ. ಎಲ್ಲ ತೂತುಗಳೂ ಒಂದೇ ದಿಕ್ಕಿಗೆ ಮೊಟ್ಟೆಯಾಕಾರವಾಗಿದ್ದರೆ ಯಂತ್ರವನ್ನು ಸರಿಸುವ ಸ್ಕ್ರೂವಿನಲ್ಲಿ ಹಿಂದಾಟ (ದಿಕ್ಕು ಬದಲಿಸುವಾಗಿನ ಸಡಿಲ) ಇದೆ. ಎಲ್ಲ ತೂತು ಗುಂಡಗಿದ್ದೂ 0.05 ಚಿಕ್ಕದಾದರೆ 6 ಮಿ.ಮೀ. ಬಿಟ್ ಸವೆದು 5.95 ಆಗಿರಬಹುದು, ಪ್ರೋಗ್ರಾಮಿನಲ್ಲಿ ನಿಜವಾದ ವ್ಯಾಸ ಕೊಡಲು ಹೇಳಿ.

ಜಾಲ ವಾಲಿದ್ದರೂ ಹೊಸ ಹಲಗೆಗೆ ಓಡಬೇಡಿ. ಕೊಯ್ತಕ್ಕೆ ಬೇಕಾದುದು ನಾಲ್ಕೇ ತೂತು: ರೈಲಿಗೆ ಎರಡು, ತುಂಡಿಗೆ ಎರಡು. ಬೇರೆ ಬೇರೆ ಜೋಡಿ ಹಿಡಿದು ಐದು ಕೊಯ್ತ ಮಾಡಿದರೆ, ಹೆಜ್ಜೆ ತಪ್ಪಿದ ಅಥವಾ ಬುಷ್ ತಪ್ಪಿದ ಹಲಗೆಯಲ್ಲೂ 0.1 ಒಳಗಿನ ನಾಲ್ಕು ಸಾಮಾನ್ಯವಾಗಿ ಸಿಗುತ್ತವೆ. ಅವಕ್ಕೆ ಸುತ್ತ ಬಣ್ಣದ ಉಂಗುರ ಹಾಕಿ, ಕೋನದ ಕೊಯ್ತಕ್ಕೆ ಅವನ್ನೇ ಬಳಸಿ. ಉಳಿದ 73 ಕ್ಲಾಂಪ್ ಹಾಕಲು ಇರಲಿ. ಇಡೀ ಜಾಲ ಸಮನಾಗಿ ವಾಲಿದ್ದರೆ ಮಾತ್ರ ಈ ಉಪಾಯ ನಡೆಯದು.

ಡಾಗ್ ವಾಲುತ್ತಿದ್ದರೆ

ಉದ್ದ ಡಾಗ್ ಇಳಿಸಿ, ಪಕ್ಕಕ್ಕೆ ಮೂಲೆಮಟ್ಟ ನಿಲ್ಲಿಸಿ, ಡಾಗ್ ಅನ್ನು ನಿಧಾನ ತಿರುಗಿಸಿ. ಸಂದು ಡಾಗ್ ಜೊತೆ ಸುತ್ತಿದರೆ ಡಾಗ್ ಸೊಟ್ಟ. ಸಂದು ಒಂದೇ ಕಡೆ ನಿಂತರೆ ತೂತು ಓರೆ. 18 ಮಿ.ಮೀ. ಹಲಗೆಯಲ್ಲಿ ಒಂದು ಡಿಗ್ರಿ ಓರೆ ಕೇವಲ 0.3 ಮಿ.ಮೀ.; ಕಣ್ಣಿಗೆ ಬೀಳುವುದಿಲ್ಲ. ಆದರೆ ಮೇಲೆ 60 ಮಿ.ಮೀ. ಎತ್ತರದಲ್ಲಿ ಅದು 1 ಮಿ.ಮೀ. ಆಗುತ್ತದೆ. ದಪ್ಪ ತುಂಡನ್ನು ಆನಿಸಿದಾಗ ಮಾತ್ರ ಮೂಲೆ ಕೆಡುತ್ತದೆ, ತೆಳು ಪ್ಲೈಗೆ ಸರಿ ಬರುತ್ತದೆ ಎನ್ನುವವರು ಇದನ್ನೇ ನೋಡಬೇಕು. ಭುಜವಿರುವ ಡಾಗ್ ಆದರೆ ತೂತಿನ ಬಾಯಲ್ಲಿ ಎದ್ದ ಎಂಡಿಎಫ್ ನಾರೂ ಅದನ್ನು ಎತ್ತಿ ವಾಲಿಸುತ್ತದೆ. 45 ಡಿಗ್ರಿಯ ಬಿಟ್‌ನಿಂದ ಮೇಲೆ ಕೆಳಗೆ 1 ಮಿ.ಮೀ. ಚಾಂಫರ್ (ತೂತಿನ ಬಾಯಂಚಿಗೆ ಓರೆ) ಹೊಡೆಯಿರಿ. 3 ಮಿ.ಮೀ. ಹೊಡೆದರೆ 18ರಲ್ಲಿ ಡಾಗ್ ಹಿಡಿಯುವ ಗೋಡೆ 12ಕ್ಕೆ ಇಳಿದು ಸಡಿಲ ಮರಳಿ ಬರುತ್ತದೆ.

ನಿನ್ನೆ ಹೋಗುತ್ತಿದ್ದ ಡಾಗ್ ಇಂದು ಹೋಗದಿದ್ದರೆ

ಎಂಡಿಎಫ್ ನೀರು ಕುಡಿದು ಊದಿಕೊಂಡಿದೆ, ಅಥವಾ ವಾರ್ನಿಶ್ ತೂತಿನೊಳಗೆ ಇಳಿದು ಪದರ ಕಟ್ಟಿದೆ. ಊದಿದ್ದರೆ ತೂತಿನ ಬಾಯಿ ಸುತ್ತ ಸಣ್ಣ ದಿಬ್ಬ ಬೆರಳಿಗೆ ಸಿಗುತ್ತದೆ. ಅದು ಒಣಗಿದ ಮೇಲೂ ಪೂರ್ತಿ ಇಳಿಯುವುದಿಲ್ಲ. ಮಟ್ಟಸ ಉಜ್ಜಿ, ತೂತಿನ ಗೋಡೆಗೆ ಅರಗಿನ ವಾರ್ನಿಶ್ ಅಥವಾ ತೆಳು ಎಣ್ಣೆ ಹಚ್ಚಿ. ನೀರು ಬೆರೆತ ಯಾವ ಲೇಪವನ್ನೂ ಮೊದಲ ಕೋಟ್ ಆಗಿ ಬಳಸಬೇಡಿ. ಪದರ ಕಟ್ಟಿದ್ದರೆ ಗುಂಡುಕೋಲು, ಸ್ಯಾಂಡ್‌ಪೇಪರ್; ತೂತಿಗೆ ಎರಡೇ ಸುತ್ತು, ನಡುನಡುವೆ 20.00 ಕಡ್ಡಿ ಹಾಕಿ ನೋಡುತ್ತಾ.

ಹಲಗೆಯೇ ಮಟ್ಟಸವಿಲ್ಲದಿದ್ದರೆ

ಮೇಲ್ಮೈಗೆ ಮಾತ್ರ ಲೇಪ ಹಚ್ಚಿ ಕೆಳಮೈ ಹಸಿ ಬಿಟ್ಟರೆ ಎರಡು ಬದಿ ಬೇರೆ ಬೇರೆಯಾಗಿ ತೇವ ಹೀರಿ ಹಲಗೆ ತಟ್ಟೆಯಂತೆ ಬಾಗುತ್ತದೆ. ಎರಡೂ ಮೈಗೆ ಅಷ್ಟಷ್ಟೇ ಕೋಟ್. ನಡುವೆ ತಗ್ಗಿದರೆ ಕೆಳಗಿನ ಆಸರೆ ಸಾಲದು. ಒಂದೇ ಕಡೆ ಭಾರ ಬಿದ್ದಾಗ ಬಾಗು ಆಸರೆಗಳ ನಡುವಿನ ದೂರದ ಘನಕ್ಕೆ ತಕ್ಕಂತೆ ಏರುತ್ತದೆ: ದೂರ ಅರ್ಧ ಮಾಡಿದರೆ ಬಾಗು ಎಂಟನೇ ಒಂದು ಭಾಗ. ದಪ್ಪ 18ರಿಂದ 25ಕ್ಕೆ ಏರಿಸಿದರೆ ಸುಮಾರು 2.7 ಪಟ್ಟು ಮಾತ್ರ ಗಟ್ಟಿ. ಹಾಗಾಗಿ ದಪ್ಪ ಹಲಗೆಗಿಂತ ಇನ್ನೊಂದು ಅಡ್ಡಪಟ್ಟಿ ಲಾಭ. ತೂತಿನ ಅಂಚಿನಿಂದ ಅಂಚಿಗೆ 76 ಮಿ.ಮೀ. ಇದೆ, 18 ಮಿ.ಮೀ. ಪಟ್ಟಿಯನ್ನು ಸರಿಯಾಗಿ ನಡುವೆ ನಿಲ್ಲಿಸಿದರೆ ಆಚೀಚೆ 29 ಮಿ.ಮೀ. ಉಳಿದು ಕ್ಲಾಂಪ್‌ಗೆ ತೊಡಕಾಗುವುದಿಲ್ಲ. ಕ್ಲಾಂಪ್ ಬಿಗಿದಾಗ ಮಾತ್ರ ಹಲಗೆ ಮೇಲೇಳುತ್ತಿದ್ದರೆ ಅದನ್ನು ಚೌಕಟ್ಟಿಗೆ ತಿರುಪಿನಿಂದ ಹಿಡಿದಿಲ್ಲ. ತಿರುಪನ್ನು ಎಂಡಿಎಫ್‌ನ ಅಂಚಿಗೆ ಹೊಡೆಯಬೇಡಿ, ಸೀಳುತ್ತದೆ. ಮೇಲಿನಿಂದ ಹಾಕಿ, ತಲೆ 5 ಮಿ.ಮೀ. ತಗ್ಗಿಸಿ, ಗರಗಸ ಓಡುವ ದಾರಿ ಬಿಟ್ಟು.

ಬಿರಡೆ ಹಾಕಿ ಮತ್ತೆ ಕೊರೆಯುವುದು

ಕೆಟ್ಟ ತೂತಿನ ಮೇಲೆ ಟೆಂಪ್ಲೇಟ್ ಕಟ್ಟಿ ರೂಟರ್‌ನಿಂದ 35 ಮಿ.ಮೀ.ಗೆ ಅಗಲಿಸಿ. ಫಾರ್ಸ್ನರ್ ಬಿಟ್‌ಗೆ ಹಳೆಯ ತೂತಿನಲ್ಲಿ ನಡುಮೊನೆ ನಿಲ್ಲಲು ಜಾಗವಿಲ್ಲ, ಅದು ಕುಣಿಯುತ್ತದೆ. ಅದೇ ದಪ್ಪದ ಎಂಡಿಎಫ್ ಬಿಲ್ಲೆಯನ್ನು ಎಪಾಕ್ಸಿ ಹಚ್ಚಿ ಕೂರಿಸಿ. ಬಿಳಿ ಮರದಂಟು ಬೇಡ, ಅದರ ನೀರಿಗೆ ಸುತ್ತಲ ಹಲಗೆ ಊದುತ್ತದೆ. 24 ಗಂಟೆ ಬಿಟ್ಟು ಮಟ್ಟಸ ಉಜ್ಜಿ. ಹೊಸ ತೂತಿನ ಜಾಗವನ್ನು ಪಕ್ಕದ ತೂತಿನಿಂದ ಹಿಡಿಯದೆ ಮೊದಲೇ ಒಳ್ಳೆಯದೆಂದು ಉಂಗುರ ಹಾಕಿದ ತೂತುಗಳಿಂದ ಹಿಡಿಯಿರಿ. ಕೆಳಗೆ ಒಂದು ಬೇಡದ ತುಂಡನ್ನು ಬಿಗಿಯಾಗಿ ಒತ್ತಿ ಕಟ್ಟಿ, ಇಲ್ಲದಿದ್ದರೆ ಬಿಟ್ ಹೊರಬರುವಲ್ಲಿ ಬಾಯಿ ಕಿತ್ತುಹೋಗುತ್ತದೆ. ಇಡೀ ಹೊತ್ತು ಧೂಳು ಹೀರುವ ಯಂತ್ರ ಓಡುತ್ತಿರಲಿ, ಮೂಗಿಗೆ ಎಫ್‌ಎಫ್‌ಪಿ2 ಮಾಸ್ಕ್ ಇರಲಿ. ಎಂಡಿಎಫ್‌ನ ಪುಡಿ ಹಿಟ್ಟಿಗಿಂತ ನಯ, ಅದರಲ್ಲಿ ಫಾರ್ಮಾಲ್ಡಿಹೈಡ್ ರಾಳವೂ ಇರುತ್ತದೆ. ಕೊರೆದ ತೂತಿಗೆ ಡಾಗ್ ಇಳಿಸುವ ಮೊದಲು ಗೋಡೆಗೆ ಸೂಪರ್ ಗ್ಲೂ ಹನಿಸಿ ಒಣಗಿಸಿ, ಅದೇ ದಿನ ಮತ್ತೊಮ್ಮೆ ಐದು ಕೊಯ್ತ ಮಾಡಿ ಅಂಕಿಯನ್ನು ಹಲಗೆಯ ಕೆಳಮೈಯಲ್ಲೇ ಬರೆದಿಡಿ.